ಬಲಗಣ್ಣಿನ ಕಸುಬು

"ಮತ್ತೆ ಎರಡೆರಡು ಕಾಣ್ತಿದೆಯಂತೆ," ಎನ್ನುತ್ತ ಕಾಲೇಜಿನ ಅಟೆಂಡರ್ ಮೈಕ್ರೋಸ್ಕೋಪಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಐದು ನಿಮಿಷ ನೋಡಿದ್ರೆ ತಲೆ ಸಿಡಿಯುತ್ತೆ ಅಂದ್ರು ಮೇಡಂ. ಇದು ನೀವು ರಿಪೇರಿ ಮಾಡಿದ್ದು ಅಂದ್ರೆ ನಂಬಲೇ ಇಲ್ಲ."

ರಿಪೇರಿಯವನು ನಂಬಿದ. ಆ ತಿಂಗಳಲ್ಲಿ ಹೀಗೆ ವಾಪಸು ಬಂದದ್ದು ಇದು ಮೂರನೆಯದು.

ಅಟೆಂಡರ್ ಮೆಟ್ಟಿಲಿಳಿದ ಮೇಲೆ ಪೆಟ್ಟಿಗೆ ತೆಗೆದು, ದೀಪ ಹಾಕಿ, ಬಲಗಣ್ಣನ್ನು ಕೊಳವೆಯ ಬಾಯಿಗೆ ತಂದ. ಬೆಳಕಿನ ದುಂಡು ಬಯಲು ಕಂಡಿತು, ಅದರ ಅಂಚೂ ಕಂಡಿತು. ನಟ್ಟನಡುವೆ, ಎರಡು ಗೆರೆಗಳು ಕೂಡುವ ಜಾಗದಲ್ಲಿ ಮಾತ್ರ ಬೂದು ಕಲೆಯೊಂದು ಕೂತಿತ್ತು. ಕಣ್ಣನ್ನು ಎತ್ತ ಹೊರಳಿಸಿದರೂ ಅದು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂರುತ್ತಿತ್ತು.

ಅವನ ಎಡಗಣ್ಣು ಹುಟ್ಟಿನಿಂದಲೇ ಮಂದ. ಅಮ್ಮ ಅದನ್ನು ಸೋಂಬೇರಿ ಕಣ್ಣು ಎನ್ನುತ್ತಿದ್ದಳು. ಬಲಗಣ್ಣು ದುಡಿಯುತ್ತಿತ್ತು, ಎಡಗಣ್ಣು ಕೂತು ಉಣ್ಣುತ್ತಿತ್ತು. ಎರಡು ಕೊಳವೆಯ ಮೈಕ್ರೋಸ್ಕೋಪು ಬಂದರೆ ಎರಡನ್ನೂ ಬಲಗಣ್ಣಿನಲ್ಲೇ ಒಂದೊಂದಾಗಿ ನೋಡಿ, ಒಳಗಿನ ಗಾಜಿನ ಪಟ್ಟಕವನ್ನು ಕೂದಲೆಳೆಯಷ್ಟು ಸರಿಸಿ, ಗೆರೆಗಳು ಎರಡರಲ್ಲೂ ಒಂದೇ ಜಾಗದಲ್ಲಿ ನಿಲ್ಲುವಂತೆ ಮಾಡುತ್ತಿದ್ದ. ಇಪ್ಪತ್ತೆಂಟು ವರ್ಷ ಆ ಒಂದು ಕಣ್ಣು ಮನೆ ನಡೆಸಿತ್ತು.

ಆರು ವಾರದ ಹಿಂದೆ ಅದು ಸುಟ್ಟುಹೋಯಿತು.

ಸುಟ್ಟದ್ದು ಮೇಷ್ಟ್ರ ಲೇಸರ್. ಎಪ್ಪತ್ತು ದಾಟಿದ, ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಈ ಮೇಷ್ಟ್ರು ನಿವೃತ್ತಿಯಾದ ಮೇಲೆ ಮನೆಯಲ್ಲಿ ಲೆನ್ಸುಗಳನ್ನು ಗುಡ್ಡೆ ಹಾಕಿಕೊಂಡಿದ್ದರು. ವಾರಕ್ಕೆ ಎರಡು ಸಲ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ತಲೆ ತಿನ್ನುತ್ತಿದ್ದರು. ಡಿವಿಡಿ ಪ್ಲೇಯರಿನ ಲೆನ್ಸು ಕಿತ್ತು ಮೊಬೈಲಿಗೆ ಅಂಟಿಸಿದರೆ ಎಷ್ಟು ಪಟ್ಟು ದೊಡ್ಡದಾಗುತ್ತೆ? ನೀಲಿ ಬೆಳಕಿನಲ್ಲಿ ಇನ್ನೂ ಸಣ್ಣದು ಕಾಣುತ್ತಲ್ಲ, ಯಾಕೆ? ಅವನಿಗೂ ಆ ತಲೆತಿನ್ನುವಿಕೆ ಬೇಕಾಗಿತ್ತು. ಆ ಕೋಣೆಯಲ್ಲಿ ಅವನ ಕೆಲಸದ ಬಗ್ಗೆ ಅಷ್ಟು ಆಸೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ.

ಅಂದು ಅವರು ಆನ್‌ಲೈನಿನಲ್ಲಿ ತರಿಸಿದ ಹಸಿರು ಲೇಸರ್ ತಂದು, ಕಿರಣ ಓರೆ ಹೋಗುತ್ತೆ, ಸ್ವಲ್ಪ ನೋಡು ಎಂದು ಕೊಟ್ಟು ಹೋಗಿದ್ದರು. ಮೇಲಿನ ಚೀಟಿಯಲ್ಲಿ ಐದು ಮಿಲಿವ್ಯಾಟ್ ಎಂದಿತ್ತು. ಅವನು ಅಡಾಪ್ಟರಿಗೆ ಹಾಕುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಕಿಟಕಿಯ ಬೆಳಕಿನಲ್ಲೇ ಮುಂದಿನ ಲೆನ್ಸು ಬಿಗಿ ಮಾಡೋಣವೆಂದು ಅದಕ್ಕೆ ಮುಖ ಕೊಟ್ಟು ಬಗ್ಗಿದ. ಸ್ವಿಚ್ ಆರಿಸಿರಲಿಲ್ಲ. ಕರೆಂಟ್ ಬಂತು. ನೋವಾಗಲಿಲ್ಲ. ಟಪ್ ಎಂದಂತಾಯಿತು, ಅಷ್ಟೇ.

ಹೆಂಡತಿಗೆ ಕಣ್ಣು ದಣಿದಿದೆ ಎಂದಿದ್ದ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು ರಕ್ತದ ಕಣ ಎಣಿಸುವವಳು. ದಣಿದ ಕಣ್ಣು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಟೆಂಡರ್ ಬಂದುಹೋದ ದಿನ ಸಂಜೆ ಅವಳು ಕೆಲಸ ಮುಗಿಸಿ ನೇರ ಅಂಗಡಿಗೆ ಬಂದಳು. ಬ್ಯಾಗಿನಿಂದ ಒಂದು ಸ್ಲೈಡು ತೆಗೆದು, ಅವನಿಗೆ ಬೆನ್ನು ಮಾಡಿ ಕಪಾಟಿನ ಹಳೆಯ ಮೈಕ್ರೋಸ್ಕೋಪಿಗೆ ಇಟ್ಟು, ಏನೇನೋ ಸರಿಮಾಡಿ, "ಸ್ವಲ್ಪ ನೋಡ್ರೀ, ಮುಳ್ಳು ತೋರಿಸ್ತಿರೋದು ಯಾವ ಕಣ ಅಂತ ನಂಗೆ ಅನುಮಾನ," ಎಂದಳು.

ಅವನು ಬಗ್ಗಿ ನೋಡಿದ. ಕಲೆಯ ಸುತ್ತ ಗುಲಾಬಿ ಬಣ್ಣದ ಮಸುಕು. ನೋಡುವ ಕಣಕ್ಕೆ ಗುರುತಾಗಿ ಆ ಕೊಳವೆಯೊಳಗೆ ಒಂದು ಸಣ್ಣ ಮುಳ್ಳು ಇರುತ್ತಿತ್ತು, ಅವನೇ ಕೂರಿಸಿದ್ದು.

"ಬಿಳಿ ಕಣ," ಎಂದ.

"ಮುಳ್ಳು ಕಾಣ್ತಿದೆಯಾ?"

"ಕಾಣದೆ ಏನು?"

ಅವಳು ಅಂಗೈ ಬಿಚ್ಚಿ ಅವನ ಕೈಗೆ ಏನನ್ನೋ ಒತ್ತಿದಳು. ಬೆರಳಿಗೆ ತಿಳಿಯಿತು: ಮುಳ್ಳಿದ್ದ, ಕಣ್ಣಿಡುವ ಐಪೀಸು. ಅದನ್ನು ಕಳಚಿ ಮುಳ್ಳಿಲ್ಲದ ಬೇರೆಯದು ಹಾಕಿದ್ದಳು.

"ಡಾಕ್ಟರ ಹತ್ರ ಹೋಗಿದ್ರಾ?"

"ಎರಡು ಕಡೆ. ಸುಟ್ಟ ಜಾಗ ಚಿಗುರಲ್ಲ ಅಂದ್ರು. ಎಡಗಣ್ಣಿಗೆ ಈ ವಯಸ್ಸಲ್ಲಿ ಕೆಲಸ ಕಲಿಸೋಕಾಗಲ್ವಂತೆ."

ಅವಳು ಮೇಷ್ಟ್ರ ಸ್ಟೂಲಿನ ಮೇಲೆ ಕೂತಳು. ಅವಳ ಮುಖದಲ್ಲಿ ಏನಿತ್ತೋ ಅವನಿಗೆ ಕಾಣಲಿಲ್ಲ. ಹೇಗಾಯ್ತು ಎಂದಾಗ ಎಲ್ಲ ಹೇಳಿದ.

"ಮೇಷ್ಟ್ರಿಗೆ ಗೊತ್ತಾ?"

"ಗೊತ್ತಾಗೋದು ಬೇಡ. ಸ್ವಿಚ್ ಆರಿಸದೆ ಬಗ್ಗಿದೋನು ನಾನು. ಆ ವಯಸ್ಸಿನವರ ತಲೆ ಮೇಲೆ ಇದನ್ನ ಹೊರಿಸಿ ನಂಗೇನು ಸಿಗುತ್ತೆ?"

ಎರಡು ದಿನ ಬಿಟ್ಟು ಮೇಷ್ಟ್ರು ಏದುಸಿರು ಬಿಡುತ್ತ ಬಂದರು. ಇನ್ನೂ ಕೆಲಸ ಇದೆ ಎಂದು ಅವನು ಆರು ವಾರದಿಂದ ಲೇಸರ್ ಕೊಡದೆ ಸತಾಯಿಸಿದ್ದ.

"ಇವತ್ತು ಬಿಡಲ್ಲಪ್ಪಾ, ತಗೊಂಡೇ ಹೋಗ್ತೀನಿ. ನಮ್ಮ ಶಾಲೆಯವರು ಶನಿವಾರಕ್ಕೆ ಕರೆದಿದ್ದಾರೆ. ಅರವತ್ತು ಮಕ್ಕಳು. ಸಿರಿಂಜಿನ ತುದೀಲಿ ಕೊಳದ ನೀರಿನ ಹನಿ ನಿಲ್ಲಿಸಿ, ಇದರ ಕಿರಣ ಹಾಯಿಸಿದ್ರೆ ಆ ಹನೀನೇ ಲೆನ್ಸು. ಒಳಗಿನ ಹುಳಹುಪ್ಪಟೆ ಎಲ್ಲ ಗೋಡೆ ತುಂಬ ಈಜಾಡುತ್ತೆ. ಹತ್ತು ವರ್ಷ ಆಯ್ತು ನಾನು ಕ್ಲಾಸ್ ತಗೊಂಡು." ದನಿ ತಗ್ಗಿಸಿದರು. "ಒಂದು ಕೇಳ್ಬೇಕಿತ್ತು. ಮಕ್ಕಳು ಮುಂದೆ ಬಂದು ಬಗ್ಗಿ ನೋಡ್ತವೆ, ಎಷ್ಟು ಹೇಳಿದ್ರೂ ಕೇಳಲ್ಲ. ಐದು ಮಿಲಿವ್ಯಾಟ್ ಆದ್ರೆ ರೆಪ್ಪೆ ತಾನಾಗೇ ಮುಚ್ಕೊಳುತ್ತೆ, ಅಪಾಯ ಇಲ್ಲ. ಅಲ್ವಾ?"

ಕೆಟ್ಟಿದೆ, ಬಿಸಾಡಿದೆ ಎಂದುಬಿಡಬಹುದಿತ್ತು. ಆದರೆ ಮೇಷ್ಟ್ರು ಅದೇ ಆನ್‌ಲೈನ್ ಅಂಗಡಿಯಿಂದ ಅಂಥದ್ದೇ ಇನ್ನೊಂದು ತರಿಸುತ್ತಾರೆ.

"ಐದಲ್ಲ ಮೇಷ್ಟ್ರೇ. ಕಾಲೇಜಿನ ಮೀಟರಿನಲ್ಲಿ ಅಳೆದೆ. ನೂರಾ ಇಪ್ಪತ್ತು."

"ಚೀಟೀಲಿ ಐದು ಅಂತಿತ್ತಲ್ಲಯ್ಯಾ."

"ಚೀಟಿ ಸುಳ್ಳು."

"ಅಳೆದೋನು ಅವತ್ತೇ ಹೇಳೋದಲ್ವಾ? ನಾನು ಹಾಗೇ ತಗೊಂಡು ಹೋಗಿದ್ರೆ?" ಎಂದವರು ಅಲ್ಲಿಗೇ ನಿಲ್ಲಿಸಿದರು. ಸ್ಟೂಲು ಕಿರುಗುಟ್ಟಿತು; ಮುಂದಕ್ಕೆ ಬಾಗಿದರೆಂದು ಕಾಣುತ್ತದೆ. "ಎಲ್ಲಿ, ನನ್ನ ನೋಡು."

ಅವನು ತಲೆಯೆತ್ತಿದ. ಅವರ ಮುಖವಿದ್ದಲ್ಲಿ ಕಲೆ ಕೂತಿತು; ದೃಷ್ಟಿಯನ್ನು ಸ್ವಲ್ಪ ಬದಿಗೆ ಸರಿಸಿದ.

"ಒಂದು ತಿಂಗಳಿಂದ ನೀನು ನನ್ನ ಕಿವಿ ನೋಡ್ಕೊಂಡು ಮಾತಾಡ್ತಿದ್ದೀಯ. ವಯಸ್ಸಾಯ್ತು, ಕಿವಿ ಕೇಳಲ್ಲ ಅಂದ್ಕೊಂಡಿದ್ದಾನೆ ಅಂತ ನಾನು ನಗ್ತಿದ್ದೆ."

"ಸ್ವಿಚ್ ಆರಿಸೋದು ಮರೆತಿದ್ದೆ ಮೇಷ್ಟ್ರೇ. ತಪ್ಪು ನಂದು."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರಿಗೆ ಒದ್ದೊದ್ದು ಸ್ಟಾರ್ಟ್ ಮಾಡುತ್ತಿದ್ದರು. ಅದು ಹೊರಟುಹೋಯಿತು. ಮೇಷ್ಟ್ರು ಎದ್ದರು. ಲೇಸರ್ ಕೇಳಲಿಲ್ಲ. ಬಾಗಿಲಲ್ಲಿ ನಿಂತು, "ಬಲಗಣ್ಣಾ?" ಎಂದರು. ಹೂಂ ಎಂದ. ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಊರಿ ನಿಲ್ಲುತ್ತಿದ್ದುದು ಅವನಿಗೆ ಕೊನೆಯವರೆಗೂ ಕೇಳಿಸಿತು.

ಮುಂದಿನ ವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ಸೊಸೆ ಎತ್ತಿ, ಮಾವ ಮಲಗಿದ್ದಾರೆ ಎಂದಳು. ಬೆಳಗಿನ ಹನ್ನೊಂದು ಗಂಟೆ. ಮತ್ತೊಮ್ಮೆ ಮಾಡಿದಾಗ ಅವಳೇ ಕೇಳಿದಳು. "ನೀವು ಅವರಿಗೆ ಏನಂದ್ರಿ? ಶಾಲೆಗೆ ಹೋಗ್ಲಿಲ್ಲ. ಲೆನ್ಸು, ಪುಸ್ತಕ, ಎಲ್ಲ ಗುಜರಿಯವನಿಗೆ ಹಾಕ್ಬಿಟ್ರು. ದಿನಾ ಗೋಡೆ ಕಡೆ ತಿರುಗಿ ಮಲಗಿರ್ತಾರೆ. ಊಟಕ್ಕೆ ಕರೆದ್ರೂ ಏಳಲ್ಲ." ಆಮೇಲೆ ಮಾತಾಡ್ತೀನಿ ಎಂದು ಅವನು ಫೋನ್ ಇಟ್ಟ. ಮತ್ತೆ ಮಾಡಲಿಲ್ಲ.

ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿದರು. ಮೈಕ್ರೋಸ್ಕೋಪುಗಳು ರಿಪೇರಿಯಾಗದೆ ಆಯಾ ಲ್ಯಾಬುಗಳಿಗೆ ಹಿಂತಿರುಗಿದವು. ಆಸ್ಪತ್ರೆಯ ಉಗ್ರಾಣದಲ್ಲಿ ಸಾಮಾನು ಎತ್ತಿಡುವ ಕೆಲಸವೊಂದಿದೆ, ಕಣ್ಣಿಗೆ ಹೆಚ್ಚು ಶ್ರಮವಿಲ್ಲ ಎಂದು ಹೆಂಡತಿ ಹೇಳಿದ್ದಳು. ಅವನು ಆಮೇಲೆ ನೋಡೋಣ ಎಂದ.

ಕೊನೆಗೆ ಉಳಿದದ್ದು ಬಾಗಿಲ ಗಾಜಿನ ಮೇಲೆ ಅಂಟಿಸಿದ್ದ, ಅಂಗಡಿಯ ಹೆಸರಿನ ಅಕ್ಷರಗಳು. ಬಾಡಿಗೆಗೆ ಬರುವವನು ಅವನ್ನು ತೆಗೆಸಿಕೊಡಿ ಎಂದಿದ್ದ. ಹೆಂಡತಿ ಬ್ಲೇಡಿನಲ್ಲಿ ಒಂದೊಂದೇ ಕೆರೆದಳು. ಸುರುಳಿ ಸುತ್ತಿಕೊಂಡು ಬಿದ್ದ ಚೂರುಗಳನ್ನು ಕಾಗದದಲ್ಲಿ ತುಂಬಿಕೊಂಡಳು. ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಳಿದ ಗೋಂದನ್ನು ಉಜ್ಜಿದ.

"ಹೋಯ್ತಾ?"

"ಹೋಯ್ತು. ಬನ್ನಿ, ಸಾಕು."

ಅವನು ತೋರುಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ಎಳೆದ. ನಡುವೆ ಒಂದು ಕಡೆ ಬೆರಳು ತಡೆದು ನಿಂತಿತು. ಬಟ್ಟೆಯನ್ನು ಮಡಚಿ, ಒಣಗಿದ ಬದಿಯನ್ನು ಒಳಗೆ ಮಾಡಿಕೊಂಡು, ಅಲ್ಲೇ ಮತ್ತೆ ಉಜ್ಜತೊಡಗಿದ. ಹೆಂಡತಿ ಬೀಗದ ಕೈ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕಾಯುತ್ತ ನಿಂತಳು.