ಕಾರ್ಡಿಗೆ ನಲವತ್ತೊಂದು ಗೇಮು

ಏನೋ ಸೀದ ವಾಸನೆ, ಇಸ್ತ್ರಿಯಲ್ಲಿ ಅಂಗಿ ಸುಟ್ಟೆನೇ, ಇಲ್ಲ, ಅಂಗಿ ಸರಿಯಾಗಿಯೇ ಇದೆ, ವಾಸನೆ ಕಂಪ್ಯೂಟರಿನ ಬೆನ್ನಿಂದ, ಬೆಳಗ್ಗೆ ಆರರಿಂದ ಅದರ ಫ್ಯಾನು ಗೊರಗುಟ್ಟುತ್ತಲೇ ಇದೆ, ಪಾಪ, ಇವತ್ತು ಅದಕ್ಕೂ ಬಿಡುವಿಲ್ಲ ನನಗೂ ಬಿಡುವಿಲ್ಲ, ಪರದೆಯ ಮೇಲೆ ಈ ಗೇಮು ಮೂವತ್ತೇಳು ಪರ್ಸೆಂಟ್, ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿರಬೇಕು, ಈಗ ಹನ್ನೊಂದೂವರೆ, ಇನ್ನು ಎರಡು ಪೈಜಾಮ, ಒಂದು ಟವೆಲು, ಒಂಬತ್ತು ಗೇಮು. ಬಿಸಿನೀರಲ್ಲಿ ಒಗೆದು ಇಸ್ತ್ರಿ ಮಾಡಿದ್ದು ಮಾತ್ರ ಒಳಗೆ ಬಿಡ್ತೀವಿ ಎಂದಿದ್ದಾಳೆ ನರ್ಸ್, ಪುಸ್ತಕ ಬೇಡ, ಗೊಂಬೆ ಬೇಡ, ಸ್ಪಿರಿಟ್ ಹಾಕಿ ಒರೆಸೋಕೆ ಬರೋ ಸಾಮಾನಾದ್ರೆ ಪರವಾಗಿಲ್ಲ — ಹಾಗಾಗಿ ಕೈಯಲ್ಲಿ ಹಿಡಿದು ಆಡುವ ಆ ಒಂದು ಗೇಮ್ ಮಷೀನು, ಅದರೊಳಗೆ ಉಗುರಿನಷ್ಟಗಲದ ಕಾರ್ಡು, ಏಳು ವರ್ಷದಿಂದ ಮಗಳು ಕೂಡಿಟ್ಟ ಗೇಮ್ ಡಿಸ್ಕುಗಳೆಲ್ಲ ಆ ಉಗುರಿನಲ್ಲಿ ಹಿಡಿಸಬೇಕು. ಡಿಸ್ಕಲ್ಲಿ ಖಾಲಿ ಜಾಗಾನೂ ತುಂಬಿಸಿಟ್ಟಿರ್ತಾರಮ್ಮ, ಅದನ್ನ ಹಿಂಡಿ ತೆಗೆದ್ರೆ ಅರ್ಧಕ್ಕಿಳಿಯುತ್ತೆ, ಎಂದು ಅವಳೇ ಹೇಳಿಕೊಟ್ಟದ್ದು, ಗಾದಿಯನ್ನು ಮಂಡಿಯಿಂದ ಒತ್ತಿ ಗಾಳಿ ಬಿಟ್ಟು ಸುರುಳಿ ಸುತ್ತುವ ಹಾಗೆ, ಅದು ನನಗೆ ತಿಳಿದ ವಿದ್ಯೆ, ಅದಕ್ಕೇ ಒಪ್ಪಿಕೊಂಡೆ. ಹೊಸ ಮೂಳೆಮಜ್ಜೆ ಹಾಕಿ, ಅದು ಒಳಗೆ ಬೇರೂರುವ ತನಕ ಆ ಕೋಣೆಯಲ್ಲಿ ಅವಳೊಬ್ಬಳೇ, ನಾನು ಗಾಜಿನ ಈಚೆ. ಇಪ್ಪತ್ತೊಂದು ದಿನ ತಾನೇ, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಕಳೆದುಹೋಗುತ್ತೆ ಬಿಡೇ, ಎಂದಳು ಅಕ್ಕ ಫೋನಿನಲ್ಲಿ, ಹೂಂ ಅಕ್ಕ ಅಂದೆ, ಹೂಂ ಅನ್ನುವುದು ಎಷ್ಟು ಸುಲಭ. ಮಗಳು ಬಾಗಿಲಿಗೆ ಒರಗಿ ನಿಂತಿದ್ದಾಳೆ, ಬೆಳಗ್ಗೆ ರಕ್ತ ತೆಗೆದ ಕೈಯ ಮೇಲೆ ಬಿಳಿ ಪಟ್ಟಿ, ಪಟ್ಟಿಯ ನಡುವೆ ಸಾಸಿವೆಯಷ್ಟು ಕೆಂಪು.

ನನ್ನ ರೈಲು ಗೇಮು ಆಯ್ತಾಮ್ಮಾ? ಅದೊಂದು ಹಟ ಹಿಡಿದು ಕೂತಿದೆ ಕಣೇ, ಓಪನ್ ಆಗುತ್ತೆ, ರೈಲೂ ಓಡುತ್ತೆ, ಹಾಡೇ ಬರ್ತಿಲ್ಲ. ಅವಳು ಬಂದು ಬಗ್ಗಿ ನೋಡಿದಳು, ದೊಡ್ಡ ಫೈಲುಗಳ ಜೊತೆ ಒಂದು ಪುಟಾಣಿ ಫೈಲ್ ಇತ್ತಲ್ಲ, ಎಲ್ಲಿ? — ಇತ್ತು, ಇತ್ತೋ ಇಲ್ಲವೋ ಎನ್ನುವಷ್ಟು ಸಣ್ಣದು, ಮೇಜಿನ ಮೇಲಿನ ಚೂರು ಗುಡಿಸುವ ಹಾಗೆ ನಾನೇ ಗುಡಿಸಿಹಾಕಿದ್ದೆ, ಕಂಪ್ಯೂಟರಿನ ಬುಟ್ಟಿಯಲ್ಲೂ ಕಸ ಉಳಿದರೆ ನನಗಾಗದು, ಬುಟ್ಟಿಯನ್ನೂ ಖಾಲಿ ಮಾಡಿದ್ದೆ, ಡಿಸ್ಕಿನಿಂದ ಮತ್ತೆ ತೆಗೆಯೋಣವೆಂದರೆ ಅದು ಹೋದ ವರ್ಷವೇ ಸೀಳಿದ್ದು. ಅಯ್ಯೋ ಅಮ್ಮಾ, ಅದೇ ಮನೆ ಯಜಮಾನಿ, ಯಾವ ಹಾಡು ಎಲ್ಲಿ ಶುರು ಅನ್ನೋದೆಲ್ಲ ಅದ್ರಲ್ಲೇ ಬರೆದಿರುತ್ತೆ, ನಿನ್ನ ಗುಡಿಸೋ ಕೈನ ಕಟ್ಟಿ ಹಾಕ್ಬೇಕು. ಇವತ್ತೇ ಆಗಬೇಕೇ ಇದು, ಅವಳಿಗೆ ಆ ಹಾಡಿಲ್ಲದೆ ನಿದ್ದೆ ಬಾರದು, ಆದರೆ ಅವಳು ನಕ್ಕಳು, ತಲೆಯ ಟೋಪಿ ಜಾರುವಷ್ಟು ನಕ್ಕಳು, ಹೋಗ್ಲಿ, ಕೂತ್ಕೋ, ಬರಿ ಅಕ್ಷರ ತಾನೇ, ನಾನು ಹೇಳ್ತೀನಿ ನೀನು ಟೈಪ್ ಮಾಡು. ಮೊದಲನೇದು ಗೇಮು, ಎರಡರಿಂದ ಹದಿನೆಂಟರವರೆಗೆ ಹಾಡು, ಒಂದೊಂದಕ್ಕೂ ಅದರ ಫೈಲಿನ ಹೆಸರು, ಎರಡು ಸೆಕೆಂಡಿನ ಮೌನ, ಮೌನವನ್ನೂ ಬರೆಯಬೇಕೇನೇ, ಬರೀಬೇಕಮ್ಮ, ಇಲ್ದಿದ್ರೆ ಹಾಡು ಒಂದ್ರ ಮೇಲೊಂದು ಬೀಳುತ್ತೆ. ಹದಿನೆಂಟು ಸಾಲು ಬರೆದೆ, ಹಿಂಡಿದೆ, ತೆರೆದೆ — ಬಂತು, ಹಾಡು ಬಂತು, ಅವಳು ಕಣ್ಣು ಮುಚ್ಚಿದಳು, ನಾನು ಇಸ್ತ್ರಿಪೆಟ್ಟಿಗೆಯ ಕಡೆ ತಿರುಗಿದೆ, ಕಣ್ಣು ಒರೆಸಿಕೊಳ್ಳಲು ಟವೆಲೇ ಸಿಕ್ಕಿತು, ಛೆ, ಅದನ್ನು ಮತ್ತೆ ಒಗೆಯಬೇಕು. ಆಗ ಹಿಂದಿನಿಂದ ಅವಳು ಪರದೆಯ ಮೇಲಿನ ಗೇಮುಗಳನ್ನು ಎಣಿಸುವ ಸದ್ದು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ಅಮ್ಮಾ, ಒಂದು ಗೇಮ್ ಮುಗಿಸೋಕೆ ನಂಗೆ ಎರಡು ದಿನ ಬೇಕು. ಹೂಂ. ಇಪ್ಪತ್ತೊಂದು ದಿನಕ್ಕೆ ಹತ್ತು ಸಾಕಲ್ವಾ? — ಮೊನ್ನೆ ಕಾರಿಡಾರಿನಲ್ಲಿ ಡಾಕ್ಟರು ನನ್ನೊಬ್ಬಳನ್ನೇ ಕರೆದು, ಇಪ್ಪತ್ತೊಂದು ಅಂತ ಈಗ ಹೇಳೋಣ, ಮಜ್ಜೆ ಹಿಡಿಯೋದು ತಡವಾದ್ರೆ ಅರವತ್ತೂ ಆಗ್ಬಹುದು, ಎಂಬತ್ತೂ ಆಗ್ಬಹುದು, ನೀವು ತಯಾರಾಗಿರಿ, ಎಂದಿದ್ದರು, ತಯಾರಾಗುವುದು ಎಂದರೆ ಏನೆಂದು ತಿಳಿಯದೆ ನಾನು ಇದನ್ನು ಮಾಡಿದೆ, ಗೇಮು ಹಿಂಡುತ್ತ ಹೋದೆ. ಜಾಗ ಉಳೀತಲ್ಲ ಕಂದಾ, ಅದಕ್ಕೇ ತುಂಬಿಸಿದೆ. ಜಾಗ ಉಳೀಲಿಲ್ಲಮ್ಮ, ಇಲ್ದಿದ್ದಕ್ಕೇ ತಾನೇ ಬೆಳಗ್ಗೆಯಿಂದ ಹಿಂಡ್ತಿರೋದು. ಮತ್ತೆ ಕಂಪ್ಯೂಟರಿನ ಮುಂದೆ ಬಂದು ಕೂತೆ, ಅವಳು ನಗುತ್ತಿಲ್ಲ. ಡಾಕ್ಟರ್ ನಿಂಗೆ ಎಷ್ಟು ದಿನ ಅಂದ್ರು? ಹೇಳಬೇಕು, ಹೂಂ ಅನ್ನಲು ಬರುವ ಪ್ರಶ್ನೆಯಲ್ಲ ಇದು, ಇಪ್ಪತ್ತೊಂದು ಎಂದರೆ ಸುಳ್ಳಾಗುತ್ತದೆ, ಅವಳ ಕೈ ನನ್ನ ಕೈಯ ಪಕ್ಕಕ್ಕೆ ಬಂದು ಕೀಬೋರ್ಡಿನ ಮೇಲೆ ಕೂತಿದೆ, ಇನ್ನೊಂದು ಕೈಯ ಬೆರಳು ಪರದೆಯಲ್ಲಿ ನಲವತ್ತೊಂದರ ಮೇಲೆಯೇ ನಿಂತಿದೆ, ಈ ಕೈಯ ಮೇಲೆ ಪಟ್ಟಿ, ಬಿಳಿ ಪಟ್ಟಿ, ನಡುವೆ ಆ ಕೆಂಪು, ಬೆಳಗ್ಗೆ ಸಾಸಿವೆಯಷ್ಟಿತ್ತು, ಈಗ ಮೆಣಸಿನ ಕಾಳಿನಷ್ಟಾಗಿದೆ, ಆ ಕೆಂಪು — ಆ ಕೆಂಪು —