ಮೋಟಿವ್ ಎಂಬ ಪದ

“ಅದರಿಂದ ಕೈ ತೆಗಿ,” ಎಂದಳು ಆರ್ಡಿತ್.

ಅವಳ ಅಕ್ಕ ವರ್ನಾಳ ಶವಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದ ಎಲಾದಿಯೊ ಹಿಂದೆ ಸರಿದ. ಅವನ ಜಾಗಕ್ಕೆ ಪಾದ್ರಿಯೇ ಬಂದು ನಿಂತರು. ನೆಬ್ರಾಸ್ಕಾದ ಆ ಪುಟ್ಟ ಊರಿನ ಚರ್ಚಿನ ಮೆಟ್ಟಿಲ ಮೇಲೆ ಗಾಳಿ ಜೋರಾಗಿತ್ತು.

ವರ್ನಾ ಮಲಗಿದಲ್ಲೇ ಹೃದಯ ನಿಂತು ಸತ್ತಿದ್ದಳು. ಡಾಕ್ಟರು ಹಾಗೆಂದೇ ಹೇಳಿದ್ದರು. ಆದರೆ ಅವಳನ್ನು ಮೊದಲು ಕಂಡವನು ಎಲಾದಿಯೊ. ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವನು ಬೆಳಗಾಗುತ್ತಲೇ ಒಂಟಿ ಮುದುಕಿಯ ಮನೆಗೆ ಹೋಗುವುದೇಕೆ? ಅವನಿಗೆ ಬೀಗದ ಕೈ ಕೊಟ್ಟವರು ಯಾರು? ಒಮಾಹಾದಿಂದ ಬಂದಿಳಿದಾಗಿನಿಂದ ಆರ್ಡಿತ್ ಇದನ್ನೇ ಕೇಳುತ್ತಿದ್ದಳು.

“ಅಲ್ಲಿಗೆ ಹೋಗೋಕೆ ಮೋಟಿವ್ ಇತ್ತಾ ಅಂತ ಪೊಲೀಸಿನವರು ಕೇಳಿದ್ರಂತೆ. ಇತ್ತು ಸರ್ ಅಂದನಂತೆ,” ಎಂದು ಪಾದ್ರಿಗೆ ಹೇಳಿದಳು. “ತಾನೇ ಒಪ್ಕೊಂಡಿದ್ದಾನೆ. ಇನ್ನೇನು ಬೇಕು ನಿಮಗೆ?”

“ನಮ್ಮ ಸ್ಪ್ಯಾನಿಷಲ್ಲಿ ಮೋತಿವೊ ಅಂದ್ರೆ ಬರೀ ಕಾರಣ, ಮೇಡಂ,” ಎಂದಳು ವರ್ನಾಳ ಹಳೆಯ ವಿದ್ಯಾರ್ಥಿನಿ ಮಿರ್ತಾ. “ಹೆದರಿದಾಗ ಬಾಯಿಗೆ ಮನೆಮಾತೇ ಬರೋದು.”

“ಸರಿ, ಆ ಕಾರಣಾನೇ ಹೇಳ್ಲಿ.”

ಎಲಾದಿಯೊ ಮೆಟ್ಟಿಲಿಳಿದು ಎಲ್ಲರಿಗಿಂತ ಹಿಂದೆ ಹೋಗಿ ನಿಂತ.

* * *

ಇದೇ ಚರ್ಚಿನ ನೆಲಮಾಳಿಗೆಯಲ್ಲಿ ವರ್ನಾ ವಲಸೆ ಬಂದವರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು.

“ನೀವು ನಿಂತಿರೋ ನೆಲ ಗ್ರೌಂಡ್,” ಎಂದಿದ್ದಳು ಕೆಲವು ವರ್ಷಗಳ ಹಿಂದೆ ಒಂದು ಸಂಜೆ. “ಯಾವ ಆಧಾರದ ಮೇಲೆ ಅಂತ ಕೋರ್ಟಲ್ಲಿ ಕೇಳ್ತಾರಲ್ಲ, ಆ ಆಧಾರಾನೂ ಗ್ರೌಂಡ್ಸೇ. ಕಾಫಿ ಬಸಿದ ಮೇಲೆ ಉಳಿಯೋ ಚರಟಾನೂ ಗ್ರೌಂಡ್ಸ್.”

“ನಿಮ್ಮವರು ಪದದಲ್ಲಿ ಭಾರಿ ಜಿಪುಣರು, ಟೀಚರ್,” ಎಂದ ಎಲಾದಿಯೊ. ಎಲ್ಲರೂ ನಕ್ಕರು.

“ಜಿಪುಣರಲ್ಲಪ್ಪ, ಕಿಲಾಡಿಗಳು. ರೀಸನ್ ಯಾರಿಗೆ ಬೇಕಾದ್ರೂ ಇರಬಹುದು. ಮೋಟಿವ್ ಏನು ಅಂತ ಯಾರಾದ್ರೂ ಕೇಳಿದ್ರೆ, ಆಗಲೇ ನಿಮ್ಮ ಮೇಲೆ ಅನುಮಾನ ಬಂದಿದೆ ಅಂತ ತಿಳ್ಕೊಳ್ಳಿ.”

ಈ ಮಾತು ಕಿವಿಗೆ ಬೀಳುವ ಮೊದಲೇ ಎಲಾದಿಯೊ ತೂಕಡಿಸುತ್ತಿದ್ದ. ವರ್ನಾ ಅವನನ್ನು ಎಬ್ಬಿಸಲಿಲ್ಲ.

* * *

ಮಣ್ಣು ಮಾಡಿ ಬಂದವರಿಗೆ ಚರ್ಚಿನಲ್ಲೇ ಊಟವಿತ್ತು. ಆರ್ಡಿತ್ ತಟ್ಟೆ ಹಿಡಿದು ನೇರವಾಗಿ ಎಲಾದಿಯೊನ ಎದುರು ಕುಳಿತಳು.

“ಭಾನುವಾರ ನಾನು ಅಕ್ಕನಿಗೆ ಫೋನ್ ಮಾಡಿದಾಗೆಲ್ಲ ಹಿಂದಿನಿಂದ ಗಂಡಸಿನ ದನಿ ಕೇಳ್ತಿತ್ತು. ನೀನೇ ಅಲ್ವಾ? ನೀನು ಹೇಳಿದ್ದನ್ನೇ ಅವಳು ಒಪ್ಪಿಸ್ತಿದ್ದಳು. ಏನು ಹೇಳಿಸ್ತಿದ್ದೆ ಅವಳ ಬಾಯಲ್ಲಿ?”

“ಹೇಳಬೇಡ ಅಂತ ಟೀಚರ್ ಆಣೆ ಹಾಕಿಸ್ಕೊಂಡಿದ್ರು.”

“ಅವಳೀಗ ಮಣ್ಣಲ್ಲಿದ್ದಾಳೆ.”

ಎಲಾದಿಯೊ ಫೋರ್ಕು ಕೆಳಗಿಟ್ಟ. “ಬೀಗದ ಕೈ ಅವರೇ ಕೊಟ್ಟಿದ್ರು, ಮೇಡಂ. ಪಾಳಿ ಮುಗಿಸಿ ಹೋಗಿ ಪದ ಹೇಳಿಕೊಡ್ತಿದ್ದೆ. ಅವರಿಗೆ ಮರೆತುಹೋಗ್ತಿತ್ತು. ಬಾಗಿಲು, ಚಮಚ, ಮಂಗಳವಾರ. ಒಂದಿನ ಕಾಫಿ ಚರಟ ತೋರಿಸಿ ಇದೇನು ಟೀಚರ್ ಅಂದೆ. ತುಂಬ ಹೊತ್ತು ನೋಡಿ ‘ರೀಸನ್’ ಅಂದ್ರು. ನಂಗೆ ನಗು ಬಂತು. ಅವರು ಅತ್ತುಬಿಟ್ರು. ನಿಮಗೆ ಗೊತ್ತಾದ್ರೆ ವೃದ್ಧಾಶ್ರಮಕ್ಕೆ ಸೇರಿಸ್ತೀರಿ ಅಂತ ಭಯ ಅವರಿಗೆ.”

“ಸೇರಿಸ್ತಿದ್ದೆ,” ಎಂದಳು ಆರ್ಡಿತ್. ಆಮೇಲೆ, “ಫೋನಲ್ಲಿ ಏನು ಹೇಳಿಕೊಡ್ತಿದ್ದೆ?”

“ಮೊದಲು ನಿಮ್ಮ ಹೆಸರು.”

ಪಕ್ಕದ ಮೇಜಿನಲ್ಲಿ ಯಾರೋ ಕುರ್ಚಿ ಎಳೆದರು. ಆರ್ಡಿತ್ ಅತ್ತ ತಿರುಗಲಿಲ್ಲ.

“ಹೋದ ಭಾನುವಾರಾನೂ?”

“ಇಲ್ಲ. ಅವತ್ತು ಅವರಾಗೇ ಹೇಳಿದ್ರು.”

ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಸುಳ್ಳು ಹೇಳಬಲ್ಲವರೂ ಹಾಗೆಯೇ ನೋಡುತ್ತಾರೆ. ಹೋದ ಭಾನುವಾರ ಫೋನಿನ ಆ ಕಡೆ ಒಂದು ದನಿಯಿತ್ತೋ ಎರಡಿತ್ತೋ ಎಂದು ನೆನಪಿಸಿಕೊಳ್ಳಲು ನೋಡಿದಳು. ಆಗ ಆರ್ಡಿತ್‌ಳ ಮನೆಯಲ್ಲಿ ಟಿವಿ ಹಾಕಿತ್ತು.

ಎದುರಿಗಿದ್ದ ಹ್ಯಾಮ್ ತಣ್ಣಗಾಗುತ್ತಿತ್ತು. ಆರ್ಡಿತ್‌ಳ ತುಟಿಗಳು ಸದ್ದಿಲ್ಲದೆ, ಅಕ್ಕನಂತೆ ತಡವರಿಸುತ್ತ, ತನ್ನದೇ ಹೆಸರನ್ನು ಆಡಿ ನೋಡುತ್ತಿದ್ದವು.