ಎಲ್ಲಕ್ಕಿಂತ ಸಣ್ಣ ಸಾಲ

“ಯಾವ ದುಡ್ಡು?” ಎಂದಳು ಅಕ್ಕ.

ಅವನು ಚಾಚಿದ ಲಕೋಟೆ ಕೈಯಲ್ಲೇ ಉಳಿಯಿತು. ಭಾವ ಹಜಾರದ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಟೇಬಲ್ ಫ್ಯಾನನ್ನು ಬಿಚ್ಚಿ ಕೂತಿದ್ದರು. ಬಿಚ್ಚಿದ ಸ್ಕ್ರೂಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ದೊಡ್ಡವು, ಸಣ್ಣವು ಎಂದು ಬೇರೆಬೇರೆ ಇಟ್ಟಿದ್ದರು. ಅವರು ತಲೆಯೆತ್ತಿ ಮೊದಲು ಲಕೋಟೆಯನ್ನೂ ಆಮೇಲೆ ಹೆಂಡತಿಯನ್ನೂ ನೋಡಿದರು.

“ಅದೇ ಅಕ್ಕಾ, ನನ್ನ ಕಾಲು ಮುರಿದಾಗ ಆಸ್ಪತ್ರೇಲಿ ಕೊಟ್ಟಿದ್ಯಲ್ಲ. ಇಪ್ಪತ್ತೆರಡು ಸಾವಿರ.”

“ನನ್ನ ಹತ್ರ ಅಷ್ಟೊಂದು ಎಲ್ಲಿಂದ ಬರ್ಬೇಕು? ಬೇರೆ ಯಾರೋ ಕೊಟ್ಟಿರ್ತಾರೆ. ಸರಿಯಾಗಿ ನೆನಪು ಮಾಡ್ಕೊ.”

ಟೀ ಇಡುತ್ತೇನೆಂದು ಅವಳು ಒಳಗೆ ಹೋದಳು. ಭಾವ ಮತ್ತೆ ಫ್ಯಾನಿನ ಕಡೆ ಬಗ್ಗಿ, ಲೆಕ್ಕ ಎಲ್ಲೋ ತಪ್ಪಿರಬೇಕು ನಿಂದು ಎಂದರು. ಅದು ತಮಾಷೆಯೋ ಸಂಶಯವೋ ಅವನಿಗೆ ಗೊತ್ತಾಗಲಿಲ್ಲ. ಅಕ್ಕ ತಂದುಕೊಟ್ಟ ಟೀಗೆ ಸಕ್ಕರೆಯೇ ಬಿದ್ದಿರಲಿಲ್ಲ. ಅದನ್ನು ಹಾಗೇ ಕುಡಿದು, ಲಕೋಟೆಯನ್ನು ಅಂಗಿಯ ಒಳಜೇಬಿಗೆ ಸೇರಿಸಿ, ಪೆಚ್ಚುಮೋರೆ ಹಾಕಿಕೊಂಡು ಮೆಟ್ಟಿಲಿಳಿದ.

ಲೆಕ್ಕ ತಪ್ಪಿರಲು ಸಾಧ್ಯವೇ ಇರಲಿಲ್ಲ. ಏಳು ತಿಂಗಳಿಂದ ಅವನು ಮಾಡಿದ್ದೆಲ್ಲ ಲೆಕ್ಕವೇ. ಕನ್ನಡಕದಂಗಡಿಯ ಒಳಕೋಣೆಯಲ್ಲಿ, ಫ್ರೇಮಿನ ಅಳತೆಗೆ ಗಾಜಿನ ಅಂಚನ್ನು ಉಜ್ಜಿ ಕೂರಿಸುವುದು ಅವನ ಕೆಲಸ. ಸಂಬಳ ಬಂದ ಹತ್ತು ದಿನಕ್ಕೆ ಕೈ ಖಾಲಿಯಾಗುತ್ತಿತ್ತು, ಉಳಿದ ಇಪ್ಪತ್ತು ದಿನ ಕ್ರೆಡಿಟ್ ಕಾರ್ಡಿನ ಮೇಲೆ ಸಂಸಾರ ನಡೆಯುತ್ತಿತ್ತು. ಹೀಗಿರುವಾಗ ಬಸ್ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ, ಸಾಲದಿಂದ ಹೊರಬರುವ ದಾರಿ ಹೇಳುತ್ತೇನೆನ್ನುವ ಪುಸ್ತಕವೊಂದು ಕಣ್ಣಿಗೆ ಬಿತ್ತು. ಕೊಂಡು ತಂದ. ಅದನ್ನೂ ಅದೇ ಕಾರ್ಡಿನಲ್ಲಿ ಕೊಂಡಿದ್ದಾನೆಂದು ತಿಳಿದು ಹೆಂಡತಿ ಎರಡು ದಿನ ನಕ್ಕಳು.

ಪುಸ್ತಕ ಹೇಳಿದ್ದು ಕಷ್ಟದ್ದೇನಲ್ಲ. ಸಂಬಳ ಬಂದ ದಿನವೇ ಒಂದು ಪಾಲು ತೆಗೆದಿಡು, ಖರ್ಚು ಆಮೇಲೆ. ಎಲ್ಲ ಸಾಲಗಳನ್ನೂ ಒಂದು ಹಾಳೆಯಲ್ಲಿ ಬರೆ. ಬಡ್ಡಿ ಎಷ್ಟೇ ಇರಲಿ, ಎಲ್ಲಕ್ಕಿಂತ ಸಣ್ಣದನ್ನು ಮೊದಲು ತೀರಿಸು, ಒಂದು ಸಾಲ ತೀರಿದ ಸಮಾಧಾನವೇ ಮುಂದಿನದಕ್ಕೆ ಬಲ ಕೊಡುತ್ತದೆ. ಅವನು ಬರೆದ: ಕಾರ್ಡು, ಸ್ಕೂಟರು, ಫ್ರಿಜ್ಜಿನ ಕಂತು, ಅಕ್ಕ. ಅಕ್ಕನದೇ ಎಲ್ಲಕ್ಕಿಂತ ಸಣ್ಣದು. ಬಡ್ಡಿಯಿಲ್ಲದ್ದು, ಐದು ವರ್ಷದಲ್ಲಿ ಒಂದು ಸಲವೂ ಕೇಳದೆ ಇದ್ದದ್ದು.

ಅವನು ಕಾರ್ಡನ್ನು ಕತ್ತರಿಸಿ ಹಾಕಿದ. ಮಧ್ಯಾಹ್ನದ ಹೊರಗಿನ ಊಟ ಬಿಟ್ಟು ಮನೆಯಿಂದ ಡಬ್ಬಿ ಒಯ್ದ. ಬಿಡುವಿದ್ದಾಗ ಹಳೆ ಫ್ರೇಮುಗಳಿಗೆ ಹೊಳಪು ಕೊಟ್ಟು ಮೇಲೊಂದಿಷ್ಟು ಸಂಪಾದಿಸಿದ. ಟೀಗೆ ಕರೆದರೂ ಏಳದವನನ್ನು ಅಂಗಡಿಯ ಯಜಮಾನರು ‘ಬ್ಯಾಂಕು’ ಎಂದು ಕರೆಯತೊಡಗಿದರು. ಇವನಿಗೆ ಒಳಗೊಳಗೇ ಹೆಮ್ಮೆಯಾಯಿತು. ದುಡ್ಡು ಕೈಗಿಟ್ಟಾಗ ಅಕ್ಕನ ಮುಖ ಹೇಗೆ ಅರಳಬಹುದೆಂದು ಬಹಳ ಸಲ ಊಹಿಸಿಕೊಂಡಿದ್ದ.

ಈಗ ನೋಡಿದರೆ ಕೊಟ್ಟೇ ಇಲ್ಲ ಎನ್ನುತ್ತಿದ್ದಾಳೆ.

ನಡೆದದ್ದನ್ನು ಕೇಳಿದ ಹೆಂಡತಿ ಬಟ್ಟೆ ಮಡಚುತ್ತಲೇ, “ಅವ್ರೇ ಕೊಟ್ಟಿಲ್ಲ ಅಂದ್ಮೇಲೆ ಮುಗೀತಲ್ಲ. ಒಂದು ಗೆರೆ ಎಳೆದು ಕಾರ್ಡಿಗೆ ಕಟ್ಟಿ” ಎಂದಳು.

ಮರುದಿನ ಅವನು ಬ್ಯಾಂಕಿಗೆ ಹೋಗಿ ಚೀಟಿ ತುಂಬಿದ. ಸರದಿ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟು ಹೊರಗೆ ಬಂದ. ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕ ಬಟ್ಟೆಯ ಗಂಟೊಂದನ್ನು ಅವನ ದಿಂಬಿನ ಕೆಳಗೆ ತುರುಕಿದ್ದು ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಎಲ್ಲ ಹತ್ತರ, ಇಪ್ಪತ್ತರ, ಐವತ್ತರ ನೋಟುಗಳು. ಎಣಿಸುವಷ್ಟರಲ್ಲಿ ಆಸ್ಪತ್ರೆಯ ಕ್ಯಾಷಿಯರ್ ರೇಗಿಬಿಟ್ಟಿದ್ದ. ಅವಳಿಗೇ ಮರೆತುಹೋಯಿತೇ? ಇಲ್ಲ, ತಮ್ಮನಾದವನು ದುಡ್ಡು ಹಿಂದಿರುಗಿಸಿ ಸಂಬಂಧ ಹರಿದುಕೊಳ್ಳುತ್ತಿದ್ದಾನೆಂದು ನೊಂದುಕೊಂಡಳೇ? ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ತಿರುವಿದ. ಸಾಲ ಕೊಡದವರ ಬಗ್ಗೆ, ತೀರಿಸದವರ ಬಗ್ಗೆ ಏನೇನೋ ಇತ್ತು. ಕೊಟ್ಟವರೇ ಕೊಟ್ಟಿಲ್ಲವೆಂದರೆ ಏನು ಮಾಡಬೇಕೆಂಬುದು ಎಲ್ಲೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಭಾವ ಕಚೇರಿಗೆ ಹೋಗಿರುವ ವೇಳೆಯಲ್ಲಿ, ಅಕ್ಕ ಅಂಗಡಿಗೆ ಬಂದಳು. ಕನ್ನಡಕದ ಕಡ್ಡಿ ಕಿವಿಯ ಹಿಂದೆ ಒತ್ತುತ್ತಿದೆ ಎಂದಳು. ಅವನು ಒಳಕೋಣೆಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ, ಕನ್ನಡಕ ತೆಗೆದುಕೊಂಡು ಕಡ್ಡಿಯನ್ನು ಹೀಟರಿನ ಬಿಸಿಗೆ ಹಿಡಿದ. ಕನ್ನಡಕವಿಲ್ಲದೆ ಅವಳಿಗೆ ಎರಡು ಅಡಿ ಆಚೆ ಇರುವುದೆಲ್ಲ ಮಬ್ಬು. ಅವನ ಮುಖ ಕಾಣುತ್ತಿರಲಿಲ್ಲವೆಂದೇ ಏನೋ, ತಾನಾಗಿಯೇ ಮಾತು ತೆಗೆದಳು.

ಅವರೆದುರಿಗೆ ಯಾಕೋ ಕೊಡೋಕೆ ಬಂದೆ, ಎಂದು ಮೊದಲು ಬೈದಳು. ಆಮೇಲೆ ಆ ದುಡ್ಡಿನ ಕತೆ ಹೇಳಿದಳು. ಮನೆಖರ್ಚಿನಲ್ಲಿ ಚೂರುಪಾರು ಉಳಿಸಿ, ಸೋಪಿನ ಪುಡಿಯ ಡಬ್ಬಿಯ ತಳದಲ್ಲಿ ಹನ್ನೊಂದು ವರ್ಷ ಕೂಡಿಸಿದ್ದಳಂತೆ. ಅವನು ನಗುತ್ತಾ, ಯಾವ ಪುಸ್ತಕವನ್ನೂ ಓದದೆ ನೀನೇ ನನ್ನನ್ನು ಮೀರಿಸಿದೆಯಲ್ಲ ಎಂದ. ಅಕ್ಕ ನಗಲಿಲ್ಲ.

“ಮನೆ ಬಿಟ್ಟು ಹೋಗೋಣ ಅಂತ ಇಟ್ಟಿದ್ದೆ ಕಣೋ.”

ಬಿಸಿಯಾದ ಕಡ್ಡಿ ಬೇಕಾದ್ದಕ್ಕಿಂತ ಹೆಚ್ಚು ಬಾಗಿತು. ಅದನ್ನು ನೆಟ್ಟಗೆ ಮಾಡುತ್ತಾ, “ಎಲ್ಲಿಗೆ?” ಎಂದ.

“ಅದನ್ನ ಯೋಚಿಸಿರ್ಲಿಲ್ಲ. ಮೊದ್ಲು ದುಡ್ಡಾಗ್ಲಿ ಅಂತಿದ್ದೆ.”

ಭಾವ ಹೊಡೆಯುತ್ತಾರೆಯೇ ಎಂದು ಅವನು ತಡವರಿಸಿ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

“ಹೊಡೆದಿದ್ರೆ ಹೇಳ್ಕೊಳ್ಳೋಕೆ ಒಂದು ಕಾರಣ ಆದ್ರೂ ಇರ್ತಿತ್ತು. ಅವ್ರು ಒಳ್ಳೆಯವ್ರೇ. ನನಗೇ ಆಗ್ತಿರ್ಲಿಲ್ಲ. ನಿನಗೆ ಕೊಟ್ಟ ಮೇಲೆ ಹೋಗೋ ಮಾತು ಮುಗೀತು. ನಿಜ ಹೇಳ್ಬೇಕಂದ್ರೆ ಹಾಯಾಗಿತ್ತು. ಈಗ ನೀನು ತಂದು ಮುಂದೆ ಹಿಡಿದ್ಯಲ್ಲ, ನಾಲ್ಕು ದಿನದಿಂದ ನನಗೆ ನಿದ್ದೆಯಿಲ್ಲ.”

ಇಷ್ಟು ದಿನ ತಾನು ಹಾಳೆಯಲ್ಲಿ ಬರೆದಿಟ್ಟುಕೊಂಡದ್ದು ಯಾವ ಸಾಲ? ಇವಳು ಹೊರಡಬೇಕಾಗಿದ್ದ ದಾರಿಯನ್ನು ತನ್ನ ಮುರಿದ ಕಾಲಿಗೆ ಕಟ್ಟಿಸಿಕೊಂಡೆನೇ, ಇಲ್ಲ ಇವಳ ಸಂಸಾರ ಮುರಿಯದಂತೆ ಕಾಪಾಡಿದೆನೇ? ಎರಡೂ ಅವನು ತಿಳಿದು ಮಾಡಿದ್ದಲ್ಲ. ಕ್ಷಮೆ ಕೇಳೋಣವೆಂದರೆ ಯಾವುದಕ್ಕೆಂದು ಗೊತ್ತಿಲ್ಲ. ಗಾಜು ಉಜ್ಜುವ ಚಕ್ರದ ಮೇಲೆ ತೊಟ್ಟಿಕ್ಕುವ ನೀರಿನ ಕೊಳಾಯಿಯನ್ನು ಸುಮ್ಮನೆ ಒಮ್ಮೆ ಬಿಗಿ ಮಾಡಿದ.

“ಬೇಡ ಅಂದ್ರೆ ನನ್ನ ಹತ್ರಾನೇ ಇರ್ಲಿ ಅಕ್ಕಾ. ನಿನ್ನ ಹೆಸ್ರಲ್ಲಿ ಬ್ಯಾಂಕಿಗೆ ಹಾಕ್ತೀನಿ.”

“ಹಾಗೆ ಮಾಡಿದ್ರೆ ಅದು ಎಲ್ಲೋ ಇದೆ ಅಂತಾಗುತ್ತೆ. ಇದ್ದಲ್ಲಿಂದ ಕರೀತಾ ಇರುತ್ತೆ.”

ಹೊರಗೆ ಯಜಮಾನರು ಯಾರಿಗೋ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಲು ಹೇಳುತ್ತಿದ್ದರು. ಅವನು ಕನ್ನಡಕವನ್ನು ಒರೆಸಿ ಅಕ್ಕನ ಕಿವಿಗೆ ತಾನೇ ಏರಿಸಿ, ಒತ್ತುತ್ತದೆಯೇ ಎಂದು ವಿಚಾರಿಸಿದ. ಈಗ ಪರವಾಗಿಲ್ಲ ಎಂದಳು. ಆಮೇಲೆ ಅವನ ಮುಖವನ್ನು ನೋಡುತ್ತಾ ಕೈ ಚಾಚಿದಳು. ಲಕೋಟೆ ಅಂಗಿಯ ಒಳಜೇಬಿನಲ್ಲೇ ಇತ್ತು. ಅವಳು ಎಣಿಸದೆ ಅದನ್ನು ಚೀಲದ ತಳಕ್ಕೆ ಇಳಿಸಿ, ಹೆಂಡತಿ ಹೇಗಿದ್ದಾಳೆ ಎಂದು ಕೇಳಿ, ಹೊರಟಳು.

ಆಮೇಲಿನ ಎರಡು ವರ್ಷಗಳಲ್ಲಿ ಫ್ರಿಜ್ಜಿನದು, ಕಾರ್ಡಿನದು, ಕೊನೆಗೆ ಸ್ಕೂಟರಿನದೂ ತೀರಿದವು. ಪುಸ್ತಕ ಹೇಳಿದ ಸಮಾಧಾನವೂ ಅಷ್ಟಿಷ್ಟು ಸಿಕ್ಕಿತು. ಆದರೆ ಸಾಲ ತೀರಿದ್ದೆಂದರೆ ಅವನಿಗೆ ನೆನಪಾಗುತ್ತಿದ್ದದ್ದು ಆ ಗುರುವಾರವೇ.

ಅಂದು ಅವನು ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಯ ಗಾಜಿನ ಬಾಗಿಲವರೆಗೆ ಬಂದ. ರಸ್ತೆಯಾಚೆಯ ನಿಲ್ದಾಣದಲ್ಲಿ ಅಕ್ಕ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಮನೆಯ ಕಡೆಗೆ ಹೋಗುವ ಬಸ್ಸು ಬಂತು. ಮೂರು ಜನ ಇಳಿದರು, ಇಬ್ಬರು ಹತ್ತಿದರು, ಬಸ್ಸು ಹೊರಟಿತು. ಅಕ್ಕ ಅಲ್ಲೇ ಇದ್ದಳು. ಬಸ್ಸು ತುಂಬಿತ್ತೇನೋ ಎಂದುಕೊಂಡ. ಆಮೇಲೆ ಬಂದ ಎರಡನೆಯ ಬಸ್ಸಿನಲ್ಲಿ ಅರ್ಧಕ್ಕರ್ಧ ಸೀಟುಗಳು ಖಾಲಿಯಿದ್ದವು. ಕಂಡಕ್ಟರ್ ಬಾಗಿಲಲ್ಲಿ ನಿಂತು ಅವಳನ್ನು ಏನೋ ಕೇಳಿದ. ಅವಳು ಕನ್ನಡಕ ಸರಿಮಾಡಿಕೊಂಡು, ಬಸ್ಸಿನ ಹಣೆಯ ಮೇಲಿನ ಬೋರ್ಡನ್ನು ಓದತೊಡಗಿದಳು.